ಚೆಕ್‌ಪೋಸ್ಟಿನಲ್ಲಿ ರಾಜನ ಪಾರ್ಟು

ಜಂಟಿ ತರಬೇತಿ ಶಿಬಿರ, ಮಗಿಂದನಾವ್
17 ಮಾರ್ಚ್ 2022, ಗುರುವಾರ

ಪ್ರೀತಿಯ ನಾನಾಯ್‌ಗೆ, ನನ್ನ ಹೆತ್ತಮ್ಮನಿಗೆ, ಮತ್ತು ಅವಳ ಅಂಗಡಿ ಕಟ್ಟೆಯ ಮೇಲೆ ಈ ಕಾಗದ ಕೇಳಲು ಕಿವಿ ನಿಮಿರಿಸಿ ಕೂತ ಮಹಾಜನರಿಗೆ! ಸದ್ದು! ಮಕ್ಕಳನ್ನು ಮಡಿಲಿಗೆಳೆದುಕೊಳ್ಳಿ, ಹುಂಜಗಳನ್ನು ಬುಟ್ಟಿಯಡಿ ಮುಚ್ಚಿ! ಜೊವೆಲಿನ್, ಅಣ್ಣನ ಮಗಳೇ, ಅಕ್ಷರ ನುಂಗದೆ ಓದು. ಕಟ್ಟಕಡೆಯ ಸಾಲಿಗೂ ಕೇಳಬೇಕು.

ಅಮ್ಮಾ, ಮೊಣಕಾಲಿನ ಊತ ಇಳಿಯಿತೇ? ಮಾತ್ರೆ ತಪ್ಪಿಸಬೇಡ. "ನಾಳೆ ತಗೊಂಡ್ರಾಯ್ತು ಬಿಡೋ" ಅನ್ನುತ್ತೀಯ, ಗೊತ್ತು. ನಾನು ಚೆನ್ನಾಗಿದ್ದೇನೆ. ತೂಕ ಏರಿದೆ, ಸಿಟ್ಟು ಅದಕ್ಕಿಂತ ಏರಿದೆ.

ಯಾಕೆಂದು ಕೇಳಿ. ಯುದ್ಧ ಮುಗಿಯಿತು, ಒಪ್ಪಂದವಾಯಿತು. ಸೈನಿಕರಾದ ನಾವು, ಪೊಲೀಸರು, ನಮ್ಮ ಮೇಲೆ ಗುಂಡು ಹಾರಿಸುತ್ತಿದ್ದ ಇಲ್ಲಿನ ಮುಸ್ಲಿಮರಾದ ಮೊರೊ ಹೋರಾಟಗಾರರು, ಎಲ್ಲರೂ ಒಂದೇ ತಂಡವಾಗಿ ಇನ್ನು ಒಂದೇ ಚೆಕ್‌ಪೋಸ್ಟು ಕಾಯಬೇಕು. ಅದಕ್ಕೆಂದು ನಾಲ್ಕು ವಾರದಿಂದ ಮಾನವ ಹಕ್ಕುಗಳ ಪಾಠ. ವಕೀಲಿಕೆ ಓದಿದ ಕ್ಯಾಪ್ಟನ್ ಒಬ್ಬರು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಅಕ್ಷರ ಬಿಡುತ್ತಾರೆ. "ಮನುಷ್ಯನ ಘನತೆಯನ್ನ ಏನು ಮಾಡಬಾರದು?" ನಲವತ್ತು ಗಂಟಲುಗಳಿಂದ ಒಂದೇ ರಾಗ: "ಉಲ್ಲಂಘಿಸಬಾರದು, ಸರ್!" ಕಣ್ಣು ಮುಚ್ಚಿ ನಿದ್ದೆ ಹೊಡೆಯುವವನೂ ಹೇಳುತ್ತಾನೆ. ಪುಸ್ತಕದ ಮೊದಲ ಪುಟದಲ್ಲೇ ನಿಯಮ: ನಿಜವಾಗಿ ನಡೆದ ಘಟನೆಯನ್ನು ಯಾರೂ ಎತ್ತುವಂತಿಲ್ಲ, ಜಗಳ ಹತ್ತುತ್ತದೆ. ಹಾಗಾದರೆ ನಾವು ಸಂಧಾನ ಕಲಿಯುತ್ತಿರುವುದು ಯಾವ ಲೋಕದ ಯುದ್ಧಕ್ಕೆ, ಮಹಾಜನರೇ?

ಪಕ್ಕದ ಮಂಚದವನ ಹೆಸರು ಗಿಯಾಮಲ್. ಹದಿಮೂರು ವರ್ಷ ಕಾಡಿನಲ್ಲಿದ್ದವನು, ಮೀನು ಮಾರುವವನ ಮಗ. "ಸಾರ್ಜೆಂಟ್, ನಿಮ್ಮ ಗೊರಕೆ ಮೊದ್ಲೇ ಕೇಳಿದ್ರೆ ನಾವು ಅವತ್ತೇ ಶರಣಾಗ್ತಿದ್ವಿ" ಎಂದು ಕಾಲೆಳೆಯುತ್ತಾನೆ. ಒಳ್ಳೆಯವನು ಎಂದುಕೊಂಡಿದ್ದೆ. ಮಂಗಳವಾರ ಚೆಕ್‌ಪೋಸ್ಟಿನ ಅಭಿನಯವಿತ್ತು, ಪಾರ್ಟು ಅದಲುಬದಲು. ಗಿಯಾಮಲ್ ಸೈನಿಕ, ನಾನು ದಾರಿಹೋಕ. ನಾಟಕದ ಮೇಷ್ಟ್ರ ಮಗನಿಗೆ ಇದು ಯಾವ ಲೆಕ್ಕ! ಮೀನಿನ ಬುಟ್ಟಿ ಹೊತ್ತು, ಸೊಂಟ ಬಗ್ಗಿಸಿ, ಕುಂಟುತ್ತ ಬಂದೆ. ಚಪ್ಪಾಳೆಯೋ ಚಪ್ಪಾಳೆ.

"ಅಂಗಿ ಬಿಚ್ಚು" ಎಂದ. ಬಿಚ್ಚಿದೆ. "ಹೆಗಲ ಮೇಲೆ ದಡ್ಡು ಕಟ್ಟಿದೆಯಲ್ಲ, ಬಂದೂಕು ಎಲ್ಲಿ ಬಚ್ಚಿಟ್ಟೆ?" "ಅದು ಮೀನು ಹೊರೋ ಕೋಲಿಂದು, ಸ್ವಾಮಿ." ಎಲ್ಲರೂ ನಕ್ಕರು. ಆಗ ಅವನು ಗದ್ದ ಮೇಲೆತ್ತಿ, ಬಲಗೈ ಚಾಚಿ ಗರ್ಜಿಸಿದ: "ಎಲೈ ನರಾಧಮಾ! ಯಾರಪ್ಪಣೆಯಿಂದ ನನ್ನ ರಾಜ್ಯದ ಸೇತುವೆ ತುಳಿದೆ? ಮಂಡಿಯೂರು!"

ಜೊವೆಲಿನ್, ಇಲ್ಲಿಗೆ ನಿಲ್ಲಿಸು. ಎಲ್ಲರಿಗೂ ಕೈಮುಗಿದು ಮನೆಗೆ ಕಳಿಸು. ಮುಂದಿನದು ಅಜ್ಜಿಯ ಕಿವಿಗೆ ಮಾತ್ರ.

ಅಮ್ಮಾ, ಆ ಮಾತು ಅಪ್ಪ ಬರೆದದ್ದು. ನಮ್ಮೂರ ಹಬ್ಬದ ನಾಟಕದ ಮೊರೊ ರಾಜನದು. ಹನ್ನೊಂದು ವರ್ಷ ಆ ಪಾರ್ಟು ಮಾಡಿದೆ. ಕೊನೆಯ ದೃಶ್ಯದಲ್ಲಿ ಆ ರಾಜನೇ ಸೋತು ನಮ್ಮ ಕ್ರೈಸ್ತ ದೊರೆಯೆದುರು ಮಂಡಿಯೂರುತ್ತಿದ್ದ, ಊರೆಲ್ಲ ಕೇಕೆ ಹಾಕುತ್ತಿತ್ತು. ನಮ್ಮೂರಿನ ಆಚೆ ಆ ಮಾತು ಕೇಳಿರಲು ಸಾಧ್ಯವಿದ್ದದ್ದು ಒಂದೇ ಕಡೆ. ಎರಡು ಸಾವಿರದ ಎಂಟರಲ್ಲಿ ನಾನು ಇಲ್ಲಿನ ಸೇತುವೆಯೊಂದನ್ನು ಕಾಯುತ್ತಿದ್ದೆ. ಬೇಸರ ಕಳೆಯಲು, ಜೊತೆಯವರನ್ನು ನಗಿಸಲು, ಮೀನು ಹೊತ್ತು ಬಂದ ಒಬ್ಬನ ಅಂಗಿ ಬಿಚ್ಚಿಸಿ, ಇದೇ ಮಾತು ಹೇಳಿ ಮಂಡಿಯೂರಿಸಿದೆ. ನಿಜವಾದ ಮೊರೊ ಸಿಕ್ಕನಲ್ಲ ಎಂಬ ಉತ್ಸಾಹ! ಅವನ ಹಿಂದೆ ಸೈಕಲ್ ಹಿಡಿದು ನಿಂತಿದ್ದ ತರುಣ ಗಿಯಾಮಲ್. ಮರುವಾರವೇ ಕಾಡು ಸೇರಿದನಂತೆ.

"ಅದ್ಭುತ! ಹತ್ತಕ್ಕೆ ಹತ್ತು!" ಎಂದರು ಕ್ಯಾಪ್ಟನ್. "ಸರ್, ಇದು ಅಭಿನಯ ಅಲ್ಲ" ಎಂದೆ. "ಸಾರ್ಜೆಂಟ್, ನಿಜ ಘಟನೆ ಬೇಡ ಅಂದಿಲ್ವಾ? ಊಟದ ಹೊತ್ತಾಯ್ತು, ನಡೀರಿ." ನಿನ್ನೆ ಅವರ ಕೋಣೆಗೇ ಹೋದೆ. "ಪ್ರಮಾಣಪತ್ರ ಬೇಕೋ ಬೇಡ್ವೋ ನಿಮಗೆ?" ಅಷ್ಟೇ ಉತ್ತರ. ಕಲಿಸಲು ಕರೆದವರು ಕಲಿತದ್ದನ್ನು ಬಾಯಿಬಿಡಲು ಬಿಡುವುದಿಲ್ಲ!

ಗಿಯಾಮಲನನ್ನು ಕೇಳಿದೆ, ಗುರುತು ಯಾವಾಗ ಸಿಕ್ಕಿತೆಂದು. "ಮೀಸೆ ಬೋಳಿಸಿದ್ರೆ ಗಂಟಲು ಬದಲಾಗುತ್ತಾ? ಮೊದಲ್ನೇ ದಿನ ನೀವು 'ಹಾಜರ್' ಅಂದಾಗ್ಲೇ ಗೊತ್ತಾಯ್ತು." ಕ್ಷಮಿಸು ಎನ್ನಲು ಬಾಯಿ ತೆರೆದೆ. ತಡೆದ. "ನಂಗ್ಯಾಕೆ ಹೇಳ್ತೀರಿ? ಮಂಡಿಯೂರಿದ್ದು ನಾನಲ್ಲ. ಅಪ್ಪ ಇವತ್ತಿಗೂ ಆ ಸೇತುವೆ ಹತ್ತಲ್ಲ. ಎಪ್ಪತ್ತು ವರ್ಷದ ಮುದುಕ, ಹೊಳೆ ಇಳಿದು ಎದೆಮಟ್ಟ ಕೆಸರಲ್ಲಿ ಬುಟ್ಟಿ ಹೊತ್ತು ದಾಟ್ತಾನೆ." ಸೋಮವಾರದಿಂದ ನಮ್ಮ ತಂಡ ಕಾಯಬೇಕಾದದ್ದು ಅದೇ ಸೇತುವೆ, ಅಮ್ಮಾ.

ಅತ್ತಿಗೆಗೆ, ಮಕ್ಕಳಿಗೆ ನನ್ನ ನೆನಪು ಹೇಳು. ಅಪ್ಪನ ಗೋರಿಗೆ ಒಂದು ಮೇಣದಬತ್ತಿ ಹಚ್ಚಿಸು. ನಿನ್ನ ಕೈಯನ್ನು ಹಣೆಗೊತ್ತಿಕೊಳ್ಳುತ್ತೇನೆ, ಹರಸು.

ನಿನ್ನ ಮಗ,
ಎಸ್ತೆಲಿತೊ

ತಾ.ಕ.: ಟಪಾಲು ಒಯ್ಯುವ ಲಾರಿ ಹೊರಡುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಾಳೆ ಒಂಬತ್ತಕ್ಕೆ ಸಮಾರೋಪ. ದೊಡ್ಡ ಗಂಟಲೆಂದು ವೇದಿಕೆಯ ಮೇಲೆ ಪ್ರಮಾಣವಚನ ಓದಲು ನನ್ನನ್ನೇ ಆರಿಸಿದ್ದಾರೆ. ಗೈರಾದವನಿಗೆ ಪ್ರಮಾಣಪತ್ರವಿಲ್ಲ, ಬಡ್ತಿಯೂ ಇಲ್ಲ. ಆದರೂ ನಾನು ವೇದಿಕೆ ಹತ್ತುವುದಿಲ್ಲ. ಬೆಳಗ್ಗೆ ಸಮವಸ್ತ್ರ ಕಳಚಿಟ್ಟು, ಗಿಯಾಮಲನ ಬೈಕಿನ ಹಿಂದೆ ಕೂತು ಆ ಹೊಳೆಗೆ ಹೋಗುತ್ತೇನೆ. ಮುದುಕ ನೀರಿಗಿಳಿಯುವ ಮುಂಚೆ ದಡದಲ್ಲಿ ಮಂಡಿಯೂರಿ, ಮೆಲ್ಲಗೆ, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, ನಾನು ಯಾರೆಂದು ಹೇಳುತ್ತೇನೆ. ಉಗಿದರೆ ಒರೆಸಿಕೊಳ್ಳುತ್ತೇನೆ. ಒಪ್ಪಿದರೆ ಅವನ ಬುಟ್ಟಿ ನನ್ನ ಹೆಗಲಿಗೇರಿಸಿಕೊಂಡು, ಸೇತುವೆಯ ಮೇಲೆ ಅವನನ್ನು ಮುಂದೆ ಬಿಟ್ಟು, ಹಿಂದೆ ನಾನು ನಡೆಯುತ್ತೇನೆ.