ನುಂಗಿದ ದೀರ್ಘ

ಅಮ್ಮಾ,

ಹೋದ ಸಲದಂತೆ ಈ ಪತ್ರವನ್ನು ಭಾನುವಾರದ ಸಭೆಯಲ್ಲಿ ಓದಿಸಬೇಡ.

ಧರ್ಮಬೋಧನೆಗೆಂದು ಸೋಮವಾರದಿಂದ ದಿನವೂ ಪಕ್ಕದ ಬೀದಿಯ ದರ್ಜಿ ಹೆಂಗಸಿನ ಮನೆಗೆ ಹೋದೆ. ಅವಳ ಮಗಳು ಜ್ವರದಿಂದ ಮಲಗಿದ್ದಳು. ಬುಧವಾರ ತಾಯಿ ಮಗಳ ಕಡೆ ಕೈತೋರಿಸಿ ಏನೋ ಕೇಳಿದಳು. ನನಗೆ ಅರ್ಥವಾಗಲಿಲ್ಲ. ಇಲ್ಲಿಯವರ ಭಾಷೆಯಲ್ಲಿ ನನಗೆ ಚೆನ್ನಾಗಿ ಬರುವುದು ಒಂದೇ ಮಾತು, 'ನಂಬಿ' ಎನ್ನಲು ಅವರು ಬಳಸುವ ಪದ. ಅದನ್ನೇ ಹೇಳಿದೆ. ಗುರುವಾರವೂ ಕೇಳಿದಳು, ಗುರುವಾರವೂ ಅದನ್ನೇ ಹೇಳಿದೆ.

ಅವಳು ಕೇಳಿದ್ದು, ಮಗಳನ್ನು ಆಸ್ಪತ್ರೆಗೆ ಕರೆದೊಯ್ಯಲೇ ಅಂತಂತೆ. ನಾನು ಹೇಳಿದ ಮಾತಿಗೆ ದೀರ್ಘ ಬೇಕಂತೆ. ಎಳೆಯದಿದ್ದರೆ 'ಕಾಯಿರಿ' ಎಂದಾಗುತ್ತದಂತೆ. ಮಗುವನ್ನು ಸೇರಿಸಿದ ಆಸ್ಪತ್ರೆಯಲ್ಲಿ ಇಂಗ್ಲಿಷ್ ಬಲ್ಲ ನರ್ಸ್ ಇವತ್ತು ಬಿಡಿಸಿ ಹೇಳಿದರು. "ಎರಡು ದಿನ ಮೊದ್ಲೇ ತರಬಾರ್ದಿತ್ತಾ?" ಎಂದು ಅವರು ಗದರಿದ್ದು ತಾಯಿಯನ್ನು, ನನ್ನನ್ನಲ್ಲ.

ಕಾಗುಣಿತ ಓದಿಸುವಾಗ "ದೀರ್ಘ ನುಂಗ್ಬೇಡ್ವೋ" ಎಂದು ನೀನು ತಲೆಗೆ ಮೊಟಕುತ್ತಿದ್ದೆ.

ಮಗುವಿಗೆ ಇನ್ನೂ ಎಚ್ಚರವಾಗಿಲ್ಲ. ನೀನು ಪ್ರಾರ್ಥಿಸು, ನನಗೆ ಬಾಯಿ ಬರುತ್ತಿಲ್ಲ. ತಾಯಿಗೆ ನನ್ನ ಮೇಲೆ ಕೋಪವೇ ಇಲ್ಲ ಕಣಮ್ಮ. ಮಗಳ ಕೈ ಹಿಡಿದುಕೊಂಡು ಅವಳ ಕಿವಿಯಲ್ಲಿ ನಾನು ಹೇಳಿದ್ದ ಆ ಮಾತನ್ನೇ ಹೇಳುತ್ತಿದ್ದಾಳೆ. ಅದರಲ್ಲಿ ದೀರ್ಘವಿದೆಯೋ ಇಲ್ಲವೋ, ಪಕ್ಕದಲ್ಲೇ ಕೂತರೂ ನನಗೆ ತಿಳಿಯುತ್ತಿಲ್ಲ.

ನಿನ್ನ ಮಗ