ಅಟ್ಟದ ಮೇಲಿನ ಅರ್ಧ ಹಗ್ಗ

ಗುಬ್ಬಿ ಗೇಟ್, ತುಮಕೂರು
೧೭-೯-೨೦೨೫, ಬುಧವಾರ

ನನ್ನ ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ಹೋದ ಸಲ ಫೋನ್ ಮಾಡಿದಾಗ ನಿಮ್ಮ ಕೆಮ್ಮು ಕೇಳಿಸಿತು. ಕೇಳಿದ್ದಕ್ಕೆ ‘ಥಂಡಿ, ಅಷ್ಟೇ’ ಅಂದಿರಿ. ಹಿಮಾಲಯದ ಥಂಡಿ ಹೇಗಿರುತ್ತದೋ ನನಗೆ ಗೊತ್ತಿಲ್ಲ, ನಿಮ್ಮ ‘ಅಷ್ಟೇ’ ಮಾತ್ರ ಚೆನ್ನಾಗಿ ಗೊತ್ತು. ರಜೆ ಮುಗಿಸಿ ನಾಳೆ ನಿಮ್ಮ ಸೈಟಿಗೆ ಹೊರಡುವ ಬಸವರಾಜನ ಕೈಯಲ್ಲಿ ಹುರಿಹಿಟ್ಟು, ಎರಡು ಉಣ್ಣೆ ಬನಿಯನ್ನು, ಕೊಬ್ಬರಿ ಮಿಠಾಯಿ ಕಳಿಸುತ್ತಿದ್ದೇನೆ. ಮಿಠಾಯಿಯನ್ನು ಎಲ್ಲರಿಗೂ ಹಂಚಿ ಖಾಲಿ ಡಬ್ಬ ನೆಕ್ಕುತ್ತಾ ಕೂರಬೇಡಿ. ಮಾವನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ನಡುಮನೆಯಲ್ಲಿ ಕೂತು, ಕೊತ್ತಗೆರೆಯಲ್ಲಿ ರಾಗಿ ಹೇಗಿದೆ, ತೋಟಕ್ಕೆ ನೀರು ಬಿಟ್ಟರಾ ಎಂದು ಊರವರಿಗೆಲ್ಲ ಫೋನ್ ಮಾಡುತ್ತಿರುತ್ತಾರೆ. ಟೈಲರಿಂಗ್ ಅಂಗಡಿಗೆ ಹಬ್ಬದ ಬ್ಲೌಸುಗಳು ರಾಶಿ ಬಿದ್ದಿವೆ. ನನ್ನ ಆರೋಗ್ಯಕ್ಕೇನೂ ಇಲ್ಲ. ನಿದ್ದೆ ಮಾತ್ರ ಸರಿಯಾಗಿಲ್ಲ. ಅದಕ್ಕೇ ಈ ಕಾಗದ.

ಇದು ಫೋನಿನಲ್ಲಿ ಹೇಳುವಂಥದ್ದಲ್ಲ. ನೀವು ಕೆಳಗಿನ ಪೇಟೆಗೆ ಇಳಿದಾಗ ಮಾತ್ರ ಸಿಗ್ನಲ್ ಸಿಗುತ್ತದೆ, ಆಗಲೂ ಬೆನ್ನ ಹಿಂದೆ ನಾಲ್ಕು ಜನ ನಿಂತಿರುತ್ತಾರೆ. ಹೇಳಿದರೆ ನಕ್ಕು ಇಟ್ಟುಬಿಡುತ್ತೀರಿ. ಕಾಗದವಾದರೆ ನಕ್ಕ ಮೇಲೂ ಉಳಿದದ್ದನ್ನು ಓದಲೇಬೇಕಲ್ಲ.

ಹೋದ ದಸರಾ ಮುಗಿದ ಮೇಲೆ, ಗುಡ್ಡದಿಂದ ಹಗ್ಗದಲ್ಲಿ ಇಳಿದು ರಸ್ತೆಗೆ ಬೀಳುವಂಥ ಸಡಿಲ ಬಂಡೆಗಳನ್ನು ಕೆಡಹುವ ಈ ಕೆಲಸಕ್ಕೆ ನೀವು ಹೊರಟಿರಲ್ಲ, ಅದರ ಹಿಂದಿನ ದಿನ ನಡುಮನೆಯ ಉದ್ದಕ್ಕೂ ಹೊಸ ಹಗ್ಗ ಹಾಸಿ ಸರಿಯಾಗಿ ಎರಡು ಪಾಲು ಮಾಡಿದಿರಿ. ಕತ್ತರಿಸಿದ ತುದಿಗಳನ್ನು ಗ್ಯಾಸ್ ಒಲೆಯ ಉರಿಗೆ ಹಿಡಿದು ಕರಗಿಸಿದ ಕಮಟು ವಾಸನೆ ಎರಡು ದಿನ ಹೋಗಲಿಲ್ಲ. ಅರ್ಧ ನಿಮ್ಮ ಜೊತೆ ಬಂತು, ಅರ್ಧ ನೀಲಿ ಚೀಲದಲ್ಲಿ ಅಟ್ಟ ಸೇರಿತು. ‘ಹಗ್ಗಕ್ಕೂ ವಯಸ್ಸಾಗುತ್ತೆ ಕಣೇ. ದುಡುದ್ರೂ ಆಗುತ್ತೆ, ಸುಮ್ನೆ ಮಲಗಿದ್ರೂ ಆಗುತ್ತೆ. ಬಿಸ್ಲಲ್ಲಿ ಇಡ್ಬೇಡ, ಯುಪಿಎಸ್ ಬ್ಯಾಟರಿ ಪಕ್ಕ ಇಡ್ಬೇಡ, ಆಗಾಗ ತೆಗ್ದು ಕೈಯಾಡ್ಸು’ ಅಂದಿರಿ. ಎಲ್ಲಿ ಬಿರುಸಾಗಿದೆ, ಎಲ್ಲಿ ನೂಲೆದ್ದಿದೆ, ಎಲ್ಲಿ ಒಳಗಿನ ಎಳೆ ಮುರಿದು ಮೆತ್ತಗಾಗಿದೆ ಎಂದು ಬೆರಳಿನಲ್ಲೇ ತಿಳಿಯುವುದನ್ನು ಮದುವೆಯಾದ ಹೊಸತರಲ್ಲಿ ಹುತ್ರಿದುರ್ಗದ ಬಂಡೆಯ ಬುಡದಲ್ಲಿ ಕೂರಿಸಿ ಕಲಿಸಿದ್ದವರು ನೀವೇ. ಬೇರೆಯವರು ಹೆಂಡತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಾರೆ!

ಸಂಕ್ರಾಂತಿಗೆ ಮನೆ ತೊಳೆಯುವಾಗ ಚೀಲ ಇಳಿಸಿದೆ. ಹೊಸ ಹಗ್ಗ ಹಾವಿನಂತೆ ನುಣ್ಣಗಿತ್ತಲ್ಲ, ಅದೀಗ ಮಂಕಾಗಿ, ಮೈಯೆಲ್ಲ ಜುಂಗು ಎದ್ದು ಕೂತಿತ್ತು. ಮಾವ ಆಗ ಹಬ್ಬಕ್ಕೆ ಬಂದಿದ್ದರು. ‘ಇಲಿ ಕೆರೆದಿರ್ಬೇಕು ಬುಡು’ ಅಂದರು. ಇಲಿಯೇ ಇರಬೇಕು ಅಂದುಕೊಂಡು ಚೀಲದ ಬಾಯಿಗೆ ದಪ್ಪ ದಾರ ಹಾಕಿ ಹೊಲಿದೆ. ಯುಗಾದಿಗೆ ಬಿಚ್ಚಿದಾಗ ಹೊಲಿಗೆ ಹಾಗೇ ಇತ್ತು, ಆದರೆ ಹಗ್ಗ ಒದ್ದೆಯಾಗಿತ್ತು. ಅಟ್ಟದಲ್ಲಿ ಒಂದು ಹನಿ ತೇವ ಇರಲಿಲ್ಲ. ಹಗ್ಗ ಮಾತ್ರ ನೆನೆದು ಉಬ್ಬಿ, ಬಿರುಸಾಗಿತ್ತು. ಹಾಸಿ ನೋಡಿದರೆ ಎರಡು ಮಾರು ಕುಗ್ಗಿತ್ತು. ಆ ವಾರ ನೀವು ಫೋನ್ ಮಾಡಿದಾಗ ಸುಮ್ಮನೆ ಎಂಬಂತೆ ಅಲ್ಲಿ ಮಳೆಯಾ ಎಂದು ಕೇಳಿದೆ, ನೆನಪಿದೆಯಾ? ‘ಬಿಡದೆ ಹುಯ್ತಿದೆ, ಹಗ್ಗವೆಲ್ಲ ನೆಂದು ಕೊರಡಾಗಿದೆ, ನಿಂಗ್ಯಾರು ಹೇಳಿದ್ರು?’ ಅಂದಿರಿ. ಟಿವಿಯಲ್ಲಿ ನೋಡಿದೆ ಅಂದುಬಿಟ್ಟೆ.

ಆಮೇಲೆ ನಾನು ಚೀಲ ಹೊಲಿಯಲಿಲ್ಲ. ಅಂಗಡಿ ಮುಚ್ಚಿ ಬಂದವಳು ಮೊದಲು ಅಟ್ಟ ಹತ್ತುತ್ತಿದ್ದೆ. ಇದರಲ್ಲಿ ನನಗೆ ಹೆದರಿಕೆಗಿಂತ ಸಮಾಧಾನವೇ ಹೆಚ್ಚಿತ್ತು ಅಂದರೆ ನಂಬುತ್ತೀರಾ? ಹಗ್ಗದಲ್ಲಿ ಬೆವರಿನ ವಾಸನೆ ಇದ್ದರೆ ಇವತ್ತು ಕೆಲಸ ಜೋರು, ಒಣಗಿದ್ದರೆ ರಜೆ. ಮಡಿಸಿಟ್ಟ ಕಡೆಯಿಂದ ಕಪ್ಪು ಪುಡಿ ಉದುರುತ್ತಿತ್ತು, ಉಜ್ಜಿದರೆ ಸ್ಲೇಟಿನ ಪುಡಿಯ ಹಾಗೆ. ನಮ್ಮ ಕುಣಿಗಲ್ ಕಡೆಯ ಕಲ್ಲು ಹಾಗಿಲ್ಲ. ಅದನ್ನು ಗುಡಿಸಿ ಬಿಸಾಡಲು ಮನಸ್ಸಾಗದೆ ತುಳಸಿ ಕುಂಡಕ್ಕೆ ಹಾಕುತ್ತಿದ್ದೆ.

ಶ್ರಾವಣದ ಒಂದು ಮಧ್ಯಾಹ್ನ ಹಗ್ಗ ಎಳೆಯುತ್ತಿದ್ದ ಬೆರಳು ತಟ್ಟನೆ ನಿಂತಿತು. ಒಂದು ಗೇಣಿನಷ್ಟು ಉದ್ದ, ಒಳಗೆ ಏನೂ ಇಲ್ಲದಂತೆ ಮೆತ್ತಗೆ, ಚಪ್ಪಟೆ. ಅದಾದ ನಾಲ್ಕನೇ ದಿನ ಫೋನಿನಲ್ಲಿ ನೀವು ‘ಎಲ್ಲಾ ಚೆನ್ನಾಗಿದೆ’ ಅಂದಿರಿ. ನಾನೂ ಬ್ಲೌಸುಗಳ ಲೆಕ್ಕ ಹೇಳಿ ಫೋನ್ ಇಟ್ಟೆ. ಮೊನ್ನೆ ಬಸವರಾಜ ಅಮೃತೂರಿನಿಂದ ಮಾವನನ್ನು ನೋಡಲು ಬಂದಾಗ ತಡೆಯಲಾಗಲಿಲ್ಲ, ಚೀಲ ತಂದು ಅವನ ಮುಂದೆ ಸುರಿದೆ. ಅವನು ಪುಡಿ ಮೂಸಿ ‘ಇದು ನಮ್ ಸೈಟಿಂದು ಕಣಕ್ಕ. ಅಣ್ಣ ಹಳೇ ಹಗ್ಗ ಕಳ್ಸವ್ರಾ?’ ಅಂದ. ನಾನು ಮೆತ್ತಗಿನ ಜಾಗದ ಮೇಲೆ ಅವನ ಬೆರಳಿಟ್ಟೆ. ಆಗ ಬಾಯಿ ಬಿಟ್ಟ. ಕಲ್ಲು ಜಾರಿ ನೀವು ಬಿದ್ದದ್ದು, ಹಗ್ಗ ಬಂಡೆಯ ಅಂಚಿಗೆ ಸಿಕ್ಕಿ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು, ಹಗ್ಗದ ಆ ಜಾಗಕ್ಕೆ ನೀವು ಕೆಂಪು ಟೇಪು ಸುತ್ತಿದ್ದು. ಹೊಸ ಹಗ್ಗ ಇನ್ನೂ ಬಂದಿಲ್ಲವೆಂದು ಕಂಟ್ರಾಕ್ಟರು ಅದರಲ್ಲೇ ಇಳಿಸುತ್ತಿದ್ದಾನಂತೆ. ಮಾವ ಎಲ್ಲವನ್ನೂ ಕೇಳಿಸಿಕೊಂಡು ಕೈ ಚಾಚಿದರು. ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿಕೊಂಡೇ ಹಗ್ಗವನ್ನು ತುದಿಯಿಂದ ತುದಿಗೆ ಸವರಿ, ‘ಇದು ಅಟ್ಟದ ಮೇಲಿದ್ದ ಹಗ್ಗ ಅಲ್ಲ ಕಣವ್ವ, ಇದ್ರಲ್ಲಿ ದಿನಾ ಯಾರೋ ಇಳೀತಾವ್ರೆ’ ಅಂದರು.

ನೀವು ನಗುವುದು ಇಲ್ಲಿಗೆ ಮುಗಿದಿದ್ದರೆ ನನ್ನ ಮಾತು ಕೇಳಿ. ನಿಮ್ಮ ಆ ಅರ್ಧ ಹಗ್ಗವನ್ನು ಇವತ್ತೇ ತುಂಡು ತುಂಡು ಮಾಡಿ. ಕೆಲಸ ಹೋದರೆ ಹೋಗಲಿ, ಹೊಲಿದು ಸಾಕುತ್ತೇನೆ. ಮಾವ ಆಶೀರ್ವಾದ ತಿಳಿಸಿದ್ದಾರೆ. ಕೆಮ್ಮಿಗೆ ಬಿಸಿನೀರು ಕುಡಿಯಿರಿ, ಕಿವಿ ಮುಚ್ಚಿಕೊಳ್ಳಿ.

ನಿಮ್ಮ ದಾರಿ ನೋಡುವ,
ಸಂಧ್ಯಾ

ಮರೆತ ಮಾತು, ಗುರುವಾರ ಬೆಳಿಗ್ಗೆ:

ಬಸವರಾಜ ಕಾಗದ ತೆಗೆದುಕೊಳ್ಳಲು ಬಂದು ನಿಂತಿದ್ದ. ಲಕೋಟೆ ಅಂಟಿಸುವ ಮುಂಚೆ ಹಗ್ಗ ನೋಡಿದೆ. ಮೆತ್ತಗಿನ ಜಾಗದಲ್ಲಿ ಹೊರಗಿನ ಹೆಣಿಗೆ ಬಿರಿದು, ಒಳಗಿನ ಬಿಳಿ ಎಳೆಗಳು ಹೊರಗೆ ಬಂದಿದ್ದವು. ಕಾಗದ ನಿಮಗೆ ತಲುಪುವವರೆಗೆ ಕಾಯುವಷ್ಟು ವ್ಯವಧಾನ ಇರಲಿಲ್ಲ. ಮಾವ ಎಳೆಗಳನ್ನು ಮುಟ್ಟಿ ನೋಡಿ ಹೇಳಿದರು: ‘ಹಗ್ಗ ಸವ್ದೈತೆ ಅಂದ್ರೆ ಆಫೀಸ್ನೋರು ನಗ್ತಾರೆ. ಅಪ್ಪ ಸತ್ತ ಅನ್ನು. ಆಗ ಕಳಿಸ್ತಾರೆ.’ ನಾನು ಅನುಮಾನಿಸಿದ್ದಕ್ಕೆ ಬೈದರು. ಕಂಟ್ರಾಕ್ಟರ ಆಫೀಸಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಪಕ್ಕದಲ್ಲೇ ಕೂತು ತಮ್ಮ ಸಾವಿನ ಸುದ್ದಿಯನ್ನು ತಾವೇ ಕೇಳಿಸಿಕೊಂಡರು. ಸ್ವಲ್ಪ ಹೊತ್ತಿಗೆ ಆಫೀಸಿನವರೇ ಫೋನ್ ಮಾಡಿ, ನಿಮ್ಮನ್ನು ಜೀಪಿನಲ್ಲಿ ಕಳಿಸಿದೆವು ಅಂದರು. ನಾನು ಅಳುತ್ತಾ ನಗುತ್ತಿದ್ದೆ. ಆಗ ಮಾವ, ‘ಸಂಧ್ಯಾ, ಹಗ್ಗ ಬಿಗೀತಾ ಐತೆ. ಭಾರ ಬಿದ್ದೈತೆ’ ಅಂದರು.

ನೀವು ಜೀಪಿನಲ್ಲಿದ್ದಿರಿ. ನಿಮ್ಮ ಜಾಗಕ್ಕೆ, ನಿಮ್ಮ ಹಗ್ಗದಲ್ಲೇ ಬೇರೆ ಯಾರನ್ನೋ ಇಳಿಸಿದ್ದರು. ನಿಮ್ಮನ್ನು ಬಿಡಿಸಿಕೊಳ್ಳುವ ಆತುರದಲ್ಲಿ ಹಗ್ಗದ ಮಾತೇ ನನ್ನ ಬಾಯಿಂದ ಬರಲಿಲ್ಲ! ಆಫೀಸಿಗೆ ಮಾಡಿದರೆ ಎತ್ತಲಿಲ್ಲ. ಬಸವರಾಜ ಸೈಟಿನ ಹತ್ತಿರದ ಚೆಕ್‌ಪೋಸ್ಟಿನವರಿಗೆ ಫೋನ್ ಹಚ್ಚಿ, ವಾಕಿಟಾಕಿಯಲ್ಲಿ ಹೇಳಿ ಎಂದು ಹಿಂದಿಯಲ್ಲಿ ಕಿರುಚುತ್ತಿದ್ದ. ಮಾವನ ಎರಡು ಕೈಗಳ ನಡುವೆ ಹಗ್ಗ ತಂತಿಯಂತೆ ನಿಂತಿತ್ತು, ಒಂದೊಂದೇ ಎಳೆ ಟಪ್ ಎಂದು ಬಿಡುತ್ತಿತ್ತು. ಆಮೇಲೆ ಒಮ್ಮೆಲೇ ಸಡಿಲವಾಯಿತು. ಫೋನ್ ಕಿವಿಗಿಟ್ಟುಕೊಂಡೇ ಬಸವರಾಜ, ‘ಮ್ಯಾಕೆ ಎಳ್ಕೊಂಡ್ರಂತೆ ಅಕ್ಕ’ ಅಂದ. ಹಗ್ಗ ನೋಡಿದೆ. ತುಂಡಾಗಿರಲಿಲ್ಲ.

ಈ ಕಾಗದವನ್ನು ಅವನ ಕೈಗೆ ಕೊಡುತ್ತಿಲ್ಲ, ನೀವು ಬಂದಾಗ ಮನೆಯ ಗೇಟಿನ ಹತ್ತಿರವೇ ನಿಮ್ಮ ಕೈಗೆ ಕೊಡುತ್ತೇನೆ. ಓದಿದ ಮೇಲೆ ಒಳಗೆ ಬನ್ನಿ, ಮಾವನನ್ನು ನೋಡಿ ಹೆದರಬೇಡಿ. ಇವತ್ತು ನಿಮ್ಮ ಬದಲು ಇಳಿದವರು ಯಾರು, ಯಾವ ಊರಿನವರು ಎಂದು ವಿಚಾರಿಸಿ. ಅವರ ಮನೆಯಲ್ಲೂ ಯಾರಾದರೂ ಇರುತ್ತಾರಲ್ಲ. ಅವರಿಗೆ ನಾನು ಒಂದು ಕಾಗದ ಬರೆಯಬೇಕು. ಹೇಗೆ ಶುರು ಮಾಡುವುದು ಅಂತ ಇನ್ನೂ ಗೊತ್ತಾಗಿಲ್ಲ.