ಹೊಸ ಏಪ್ರನ್ನುಗಳು

ಜೂನ್ ೧೨, ಬುಧವಾರ

ಮರಗೆಲಸ ಕಲಿಯಲು ಬಂದ ಹೊಸ ತಂಡಕ್ಕೆ ಇಂದು ಏಪ್ರನ್ ಹಂಚಿದೆ. ಅಗ್ಗಕ್ಕೆ ಸಿಕ್ಕವೆಂದು ಹಿಗ್ಗಿನಿಂದಲೇ ಹಂಚಿದೆ. ಎಲ್ಲರಿಗಿಂತ ಚುರುಕಾದ ಹುಡುಗಿ ಮಾತ್ರ ಒಳಗೆ ಹೊಲಿದಿದ್ದ ಕಂಪನಿಯ ಚೀಟಿ ನೋಡಿ, ಏಪ್ರನ್ ತೊಡದೆ ಮಡಚಿಟ್ಟಳು.

“ಏನಮ್ಮಾ ಮಹಾರಾಣಿ, ಬಣ್ಣ ಒಪ್ಪಲಿಲ್ವಾ?” ಎಂದು ಪಕ್ಕದವನು ಛೇಡಿಸಿದ. ಏಪ್ರನ್ ತೊಡದವರು ಗರಗಸದ ಯಂತ್ರ ಮುಟ್ಟುವಂತಿಲ್ಲವೆಂದು ನಾನೂ ಗದರಿದೆ.

“ನಮ್ಮಮ್ಮ ಈ ಕಂಪನೀಲೇ ಹೊಲೀತಿದ್ರು ಸರ್. ಬೆಂಕಿ ಬಿದ್ದಾಗ ಬಾಗಿಲಿಗೆ ಹೊರಗಿಂದ ಬೀಗ ಹಾಕಿತ್ತು. ಅಮ್ಮ ಆಚೆ ಬರಲೇ ಇಲ್ಲ.”

ಸಮಾಧಾನಪಡಿಸಲು ಹೋಗಿ, ನಾವೊಬ್ಬರು ಕೊಳ್ಳದಿದ್ದರೆ ಅವರಿಗೇನು ನಷ್ಟ ಮಗಳೇ, ಎಂದುಬಿಟ್ಟೆ.

“ಅವರಿಗೇನೂ ಇಲ್ಲ ಸರ್. ಆದ್ರೆ ಆ ಬೀಗ ತಂದಿದ್ದೂ ಕೊಳ್ಳೋರು ಕೊಟ್ಟ ಇಂಥದೇ ದುಡ್ಡಲ್ಲಿ ಅಲ್ವಾ?”

ಬಟ್ಟೆಯ ದಪ್ಪ, ಬಾಳಿಕೆ ಎಲ್ಲವನ್ನೂ ಅಂಗಡಿಯಲ್ಲಿ ವಿಚಾರಿಸಿದ್ದೆ. ಹಣ ಯಾರ ಕೈ ಸೇರುತ್ತದೆಂದು ಕೇಳುವುದು ನನ್ನ ಕೆಲಸವೆಂದೇ ತೋಚಿರಲಿಲ್ಲ. ಎಷ್ಟು ಚೆನ್ನಾಗಿ ಕಲಿಯಬಲ್ಲ ಮಗು! ಯಂತ್ರ ಮುಟ್ಟದೆ ಸಂಜೆಯವರೆಗೂ ಮೂಲೆಯಲ್ಲಿ ಮರದ ಹೊಟ್ಟು ಗುಡಿಸುತ್ತಿದ್ದಳು.

ಅಂಗಡಿಯವನು ಒಪ್ಪಲಿ ಬಿಡಲಿ, ಏಪ್ರನ್ನುಗಳನ್ನೆಲ್ಲ ಹಿಂದಿರುಗಿಸುವೆ. ಮನೆಯಲ್ಲಿ ದಪ್ಪ ಬಟ್ಟೆಯಿದೆ, ನಾವೇ ಹೊಲಿದುಕೊಳ್ಳೋಣ. ಬೆಳಗಾಗುತ್ತಲೇ ಮೊದಲು ಅವಳ ಅಳತೆ ತೆಗೆಯಬೇಕು.